ಬಲಗೈ ಕಡೆಯ ದಕ್ಷಿಣ

ಮೆಲ್ಬರ್ನ್, 9 ಅಕ್ಟೋಬರ್ 1977

ಪ್ರೀತಿಯ ತೆಕ್ಲಾ,

ನೀವಿಬ್ಬರೂ ಚೆನ್ನಾಗಿದ್ದೀರೆಂದು ಇಲ್ಲಿ ಕುಳಿತು ನಾನು ಅಂದುಕೊಳ್ಳುತ್ತೇನೆ, ನಾನು ಚೆನ್ನಾಗಿದ್ದೇನೆಂದು ಅಲ್ಲಿ ಕುಳಿತು ನೀನು ಅಂದುಕೋ. ಈ ಸಲ ಹೇಳುವಂಥ ಸಮಾಚಾರವಿದೆ, ಅದಕ್ಕೇ ಇಷ್ಟು ಬೇಗ ಇನ್ನೊಂದು ಕಾಗದ.

ಬಂದಾಗಿನಿಂದ ನಿನ್ನ ತಮ್ಮನ ಮನೆಯಲ್ಲಿ ಉಂಡು ಮಲಗುವ ನೆಂಟನಾಗಿ ಬಿದ್ದಿದ್ದೇನೆ. ಪಂತೆಲಿಸ್ ಒಳ್ಳೆಯವನೇ, ಆದರೆ ಬಾಯಿ ಸುಮ್ಮನಿರುವುದಿಲ್ಲ. ಮನೆಗೆ ಯಾರಾದರೂ ಬಂದರೆ ಸಾಕು, "ನಮ್ ಭಾವ ವರೋಶಾದಲ್ಲಿ ದೊಡ್ಡ ಸೋಲಾರ್ ಮೇಸ್ತ್ರಿ, ಇಲ್ಲಿ ಕಾರಿನ ಬಾಗಿಲಿಗೆ ಬೋಲ್ಟ್ ಹಾಕ್ತಾರೆ" ಎಂದು ನಗುತ್ತಾನೆ. ನಾನೂ ನಗುತ್ತೇನೆ. ನಿನ್ನನ್ನೂ ಮಗಳು ಲುಲ್ಲಾಳನ್ನೂ ಕರೆಸಿಕೊಳ್ಳಬೇಕಾದರೆ ಅವನೂ ಅವನ ಹೆಂಡತಿ ಮಿರೊಫೋರಾಳೂ ಜಾಮೀನು ಬರೆದುಕೊಡಬೇಕು. ಅದಿಲ್ಲದೆ ನೀವು ಬರುವಂತಿಲ್ಲ. ನಗದೆ ಏನು ಮಾಡಲಿ?

ಕೊನೆಗೆ, ನಾನು ಏನೆಂದು ತೋರಿಸಿಬಿಡೋಣ ಅನ್ನಿಸಿತು. ಗುಜರಿಯಿಂದ ತಾಮ್ರದ ಕೊಳವೆ, ಒಂದು ಹಳೆಯ ತೊಟ್ಟಿ, ಒಡೆದ ಅಂಗಡಿಯೊಂದರ ದಪ್ಪ ಗಾಜು, ಎಲ್ಲ ಹೊಂದಿಸಿಕೊಂಡು ರಜೆಯ ದಿನಗಳಲ್ಲಿ ಕೂತು ಒಂದು ಸೋಲಾರ್ ಹೀಟರ್ ಕಟ್ಟಿದೆ. ಇಲ್ಲಿನವರು ಸ್ನಾನದ ನೀರಿಗೆ ಕರೆಂಟು, ಗ್ಯಾಸು ಸುಡುತ್ತಾರೆ ತೆಕ್ಲಾ, ಆಕಾಶ ಎಂಬುದೊಂದು ಇದೆಯೆಂದೇ ಗೊತ್ತಿಲ್ಲದವರ ಹಾಗೆ. ಪಂತೆಲಿಸ್ ಏಣಿಯ ಕೆಳಗೆ ನಿಂತು, "ಪಂಪ್ ಇಲ್ದೆ ನೀರು ಮೇಲೆ ಹತ್ತುತ್ತಾ ಭಾವ? ಕಾಲು ಬಂದಿದ್ಯಾ ಅದಕ್ಕೆ?" ಎಂದು ಅಣಕಿಸಿದ. ನಾನು ಇನ್ನೊಂದು ತಿರುಪು ಬಿಗಿದೆ.

ಅದರ ಮುಖ ದಕ್ಷಿಣಕ್ಕಿರಬೇಕು, ಆ ದಕ್ಷಿಣ ಯಾವ ಕಡೆ ಎಂಬುದೊಂದೇ ಇಲ್ಲಿ ತೊಂದರೆ. ಯಾವಾಗ ನೋಡಿದರೂ ಮೋಡ. ನಮ್ಮ ಇಗರ್ಜಿಯ ನೆನಪಾಯಿತು. ಎಲ್ಲಿ ಕಟ್ಟಿದರೂ ನಮ್ಮ ಇಗರ್ಜಿಯ ದೇವಪೀಠ ಪೂರ್ವಕ್ಕೇ ಅಲ್ಲವೇ? ಭಾನುವಾರ ಇಲ್ಲಿನ ಇಗರ್ಜಿಯಲ್ಲಿ ಅದಕ್ಕೆ ಮುಖಮಾಡಿ ನಿಂತೆ. ಬಲಗೈ ಕಡೆ ದಕ್ಷಿಣ. ನೋಡಿದರೆ ನಿನ್ನ ತಮ್ಮನ ಮನೆಯ ಮುಂಬಾಗಿಲೇ ಆ ದಿಕ್ಕಿಗೆ! ಬೀದಿ ಕಡೆಯ ಛಾವಣಿಯ ಮೇಲೆ ಕೂರಿಸಿದೆ. ಹೋಗಿಬರುವವರೆಲ್ಲ ತಲೆ ಎತ್ತಿ ನೋಡುತ್ತಾರೆ.

ಮೋಡದ ದಿನಕ್ಕಿರಲಿ ಎಂದು ಎಲ್ಲರೂ ಮಾಡುವಂತೆ ತೊಟ್ಟಿಯೊಳಗೆ ಕರೆಂಟಿನ ಕಾಯಿಲ್ ಇಟ್ಟೆ, ಪಡಸಾಲೆಯಲ್ಲಿ ಅದರ ಸ್ವಿಚ್ಚು. ಆದರೆ ಅದನ್ನು ಯಾರೂ ಮುಟ್ಟಕೂಡದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದೇನೆ. ನನ್ನ ಕೆಲಸಕ್ಕೆ ಊರುಗೋಲು ಬೇಕಾಗಿಲ್ಲ. ಮೊದಲ ಶನಿವಾರವೇ ಮಿರೊಫೋರಾ ಸ್ನಾನ ಮುಗಿಸಿ ಬಂದು, "ನೀರು ಸುಡ್ತಿತ್ತು ಅಣ್ಣ" ಎಂದಳು. ಪಂತೆಲಿಸ್ ಟವೆಲು ತೆಗೆದುಕೊಂಡು ತಾನೂ ಸ್ನಾನಕ್ಕೆ ಹೊರಟ.

ನಿನ್ನ
ಯಾಕುಮಿಸ್

•

ಲಾರ್ನಾಕಾ, 30 ಅಕ್ಟೋಬರ್ 1977

ಯಾಕುಮಿಸ್,

ನಿನ್ನ ಕಾಗದವನ್ನು ನಮ್ಮ ಸಾಲಿನ ಮನೆಗಳಲ್ಲೆಲ್ಲ ಓದಿದೆ. ತಪ್ಪು ತಿಳಿಯಬೇಡ, ಅವರೇ ಕೇಳಿದರು. ಕಾಫಿ ಅಂಗಡಿಯಲ್ಲಿ ಗಂಡಸರು ನಿನ್ನ ಹೆಸರು ಎತ್ತಿದರಂತೆ, ವರೋಶಾದ ಮೇಸ್ತ್ರಿ ಆಸ್ಟ್ರೇಲಿಯಾದವರಿಗೆ ಬಿಸಿನೀರು ಕಲಿಸಿದ ಎಂದು. ಈ ನಿರಾಶ್ರಿತರ ಕಾಲೋನಿಯಲ್ಲಿ ಜಂಬಪಟ್ಟುಕೊಳ್ಳಲು ಸಿಗುವುದೇ ಅಪರೂಪ, ಸಿಕ್ಕಿದ್ದನ್ನು ಎಲ್ಲರೂ ಹಂಚಿಕೊಂಡೆವು.

ಯುದ್ಧ ಬಂದು ಊರು ಬಿಟ್ಟ ಆ ಬೇಸಿಗೆಯಿಂದ ನೀನು ನೆಲ ನೋಡಿಕೊಂಡೇ ನಡೆಯುತ್ತಿದ್ದೆ. ಲುಲ್ಲಾ ಏನಾದರೂ ತೋರಿಸಿದರೆ ಅದನ್ನು ನೋಡುತ್ತಿರಲಿಲ್ಲ, ಅವಳ ಬೆರಳನ್ನು ನೋಡುತ್ತಿದ್ದೆ. ಈ ಕಾಗದದಲ್ಲಿ ಮೊದಲಿನ ಯಾಕುಮಿಸ್ ಕಂಡ. ಅದಕ್ಕೆ ನನಗಾದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಅಪ್ಪ ಏನು ಕೆಲಸ ಮಾಡುತ್ತಾರೆಂದು ಬರೆದುಕೊಂಡು ಬರಲು ಲುಲ್ಲಾಳ ಟೀಚರ್ ಹೇಳಿದ್ದಾರೆ. ಕಾರಿನ ಬಾಗಿಲು ಅವಳಿಗೆ ಬೇಡವಂತೆ, ಸೋಲಾರೇ ಬೇಕಂತೆ. ನನಗೆ ಬಿಸಿನೀರು ಬಳಸಲು ಗೊತ್ತೇ ಹೊರತು ಅದು ಹೇಗೆ ಕಾಯುತ್ತದೆಂದು ಹೇಳಲು ಗೊತ್ತಿಲ್ಲ. ನೀನೇ ಅವಳಿಗೆ ಬರೆ.

ಜಾಮೀನಿನ ವಿಷಯ ಪಂತೆಲಿಸನ ಹತ್ತಿರ ಎತ್ತಿದೆಯಾ? ಅವನನ್ನು ಕೆಣಕಬೇಡ. ಚಿಕ್ಕಂದಿನಿಂದಲೂ ಅವನು ಹಾಗೆಯೇ, ಬಾಯಿ ದೊಡ್ಡದು, ಮನಸ್ಸು ಮೆತ್ತಗೆ. ಮಿರೊಫೋರಾಳನ್ನು ನಾನು ಕಂಡಿದ್ದು ಅವಳ ಮದುವೆಯಲ್ಲಿ ಮಾತ್ರ. ಎಲ್ಲರ ಊಟವಾದ ಮೇಲೆ ತಾನು ಉಂಡಳು, ಅಷ್ಟು ನೆನಪಿದೆ.

ತೆಕ್ಲಾ

•

ಮೆಲ್ಬರ್ನ್, 27 ನವೆಂಬರ್ 1977

ಪ್ರೀತಿಯ ತೆಕ್ಲಾ,

ಮೊದಲು ಲುಲ್ಲಾಳಿಗೆ. ಮಗಳೇ, ಒಂದು ಚಪ್ಪಟೆ ತಗಡಿನ ಪೆಟ್ಟಿಗೆ ಅಂದುಕೋ. ಅದರೊಳಗೆ ತಾಮ್ರದ ಕೊಳವೆಗಳು, ಅವಕ್ಕೆ ಅಂಟಿದ ತಗಡು, ತಗಡಿಗೆ ಕಪ್ಪು ಬಣ್ಣ, ಏಕೆಂದರೆ ಕಪ್ಪು ಬಿಸಿಲನ್ನು ಕುಡಿಯುತ್ತದೆ. ಮೇಲೆ ಗಾಜು. ಅದು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕಾವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಪೆಟ್ಟಿಗೆಗಿಂತ ಎತ್ತರದಲ್ಲಿ ತೊಟ್ಟಿ. ಕೊಳವೆಯಲ್ಲಿ ಕಾದ ನೀರು ಹಗುರಾಗಿ ತಾನೇ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರ, ಅದು ಇನ್ನೊಂದು ಕೊಳವೆಯಿಂದ ಪೆಟ್ಟಿಗೆಗೆ ಇಳಿದು ತಾನೂ ಕಾಯುತ್ತದೆ. ಬಿಸಿಲಿರುವ ತನಕ ಹೀಗೇ ಸುತ್ತುತ್ತಿರುತ್ತದೆ, ಯಾರೂ ತಳ್ಳುವುದು ಬೇಡ. ಮನೆಗೆ ನೀರು ಹೋಗುವುದು ತೊಟ್ಟಿಯ ನೆತ್ತಿಯಿಂದ, ಬಿಸಿಯೆಲ್ಲ ಅಲ್ಲೇ ಇರುತ್ತದೆ. ತೊಟ್ಟಿಯನ್ನು ಕೆಳಗಿಟ್ಟರೆ ರಾತ್ರಿ ನೀರು ಉಲ್ಟಾ ಸುತ್ತಿ ಹಗಲು ಗಳಿಸಿದ್ದನ್ನೆಲ್ಲ ಆಕಾಶಕ್ಕೆ ಕೊಟ್ಟುಬಿಡುತ್ತದೆ. ಕಾವು ಹೋಗದಂತೆ ತೊಟ್ಟಿಗೆ ಗಾಜಿನ ಉಣ್ಣೆ ಸುತ್ತಿ ಮೇಲೊಂದು ತಗಡಿನ ಅಂಗಿ ಹಾಕಿದರೆ ಕೆಲಸ ಮುಗಿಯಿತು. ಇಷ್ಟು ಬರೆ, ಟೀಚರ್ ಮೆಚ್ಚುತ್ತಾರೆ.

ಇನ್ನು ನಿನಗೆ. ಇಲ್ಲಿ ಏನೋ ನಡೆಯುತ್ತಿದೆ. ಶನಿವಾರ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು, ಬುಧವಾರ ನೋಡಿದರೆ ಉಗುರುಬೆಚ್ಚಗೂ ಇಲ್ಲ. ಛಾವಣಿ ಹತ್ತಿ ಕೊಳವೆಗಳನ್ನೆಲ್ಲ ಬಿಚ್ಚಿ ನೋಡಿದೆ, ಎಲ್ಲಿಯೂ ಸೋರಿಕೆಯಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿರುತ್ತದೆ, ಸಂಜೆ ಬರುವಾಗಲೂ ಹೊಳೆಯುತ್ತಿರುತ್ತದೆ. ನಡುಹಗಲು ನಾನು ಕಾರ್ಖಾನೆಯ ತಗಡಿನ ಸೂರಿನ ಕೆಳಗಿರುತ್ತೇನೆ, ಆದರೆ ಆಗ ಇನ್ನೂ ಜೋರಾಗಿಯೇ ಇರಬೇಕಲ್ಲ. ಹಿತ್ತಲ ಕಡೆಯ ಅಡಿಗೆಮನೆ ಕಿಟಕಿಗೆ ಮಧ್ಯಾಹ್ನವೆಲ್ಲ ಬಿಸಿಲು ರಾಚುತ್ತದೆ, ಪರದೆಯೆಲ್ಲ ಬಣ್ಣಗೆಟ್ಟಿತು ಎಂದು ಮಿರೊಫೋರಾಳೇ ಗೊಣಗುತ್ತಾಳೆ. ಅಷ್ಟು ಬಿಸಿಲಿರುವ ಮನೆಯಲ್ಲಿ ತಣ್ಣೀರು ಬರುತ್ತದೆಂದರೆ ಒಂದೇ ಅರ್ಥ. ಹಗಲಲ್ಲಿ ಯಾರೋ ತೊಟ್ಟಿ ಖಾಲಿ ಮಾಡುತ್ತಿದ್ದಾರೆ. ಹಗಲಲ್ಲಿ ಮನೆಯಲ್ಲಿರುವವಳು ಒಬ್ಬಳೇ.

ಕೇಳಿದರೆ, "ಇಲ್ಲ ಅಣ್ಣ, ನಾನ್ಯಾಕೆ ಚೆಲ್ಲಲಿ" ಎಂದು ಬೇರೆ ಕಡೆ ನೋಡುತ್ತಾಳೆ.

ಯಾಕುಮಿಸ್

•

ಮೆಲ್ಬರ್ನ್, 4 ಜನವರಿ 1978

ತೆಕ್ಲಾ,

ಮೇಲಿನ ವಿಳಾಸ ಬದಲಾಗಿರುವುದನ್ನು ನೋಡಿರುತ್ತೀಯ. ಮೀನು ಕರಿಯುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿದ್ದೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಹೊಸವರ್ಷದ ಕೇಕು ಕತ್ತರಿಸಲು ಇಲ್ಲಿರುವ ನಮ್ಮ ದ್ವೀಪದವರನ್ನೆಲ್ಲ ಪಂತೆಲಿಸ್ ಕರೆದಿದ್ದ. ಹೀಟರ್ ತೋರಿಸುವುದೂ ಅದರಲ್ಲಿ ಸೇರಿತ್ತು. ಒಬ್ಬ ಕೈ ತೊಳೆಯಲು ಹೋಗಿ ನಲ್ಲಿ ತಿರುಗಿಸಿದ. ತಣ್ಣೀರು. ಮೇಸ್ತ್ರಿಗಳ ಸೋಲಾರು ಬಿಯರ್ ತಣ್ಣಗೆ ಮಾಡಲು ಬಹಳ ಚೆನ್ನಾಗಿದೆ ಎಂದ. ಎಲ್ಲರೂ ಹೋ ಎಂದು ನಕ್ಕರು, ನಿನ್ನ ತಮ್ಮ ಎಲ್ಲರಿಗಿಂತ ಜೋರಾಗಿ. ನನ್ನ ತಲೆಯಲ್ಲಿ ಏನೋ ಕಿತ್ತುಬಂತು. ಎಲ್ಲರ ಮುಂದೆ ಹೇಳಿದೆ: "ನೀರು ಕಾಯ್ತದೆ. ಕದಿಯೋರು ಮನೇಲೇ ಇದ್ರೆ ನಾನೇನ್ ಮಾಡ್ಲಿ? ನಿನ್ ಹೆಂಡ್ತೀನ ಕೇಳು. ಸುಳ್ಳಿ ಅವಳು."

ಮಿರೊಫೋರಾ ಕೇಕಿನ ತಟ್ಟೆ ಹಿಡಿದು ನಿಂತಿದ್ದಳು. ಮುಖ ಕೆಂಪಾಯಿತು, ಒಂದು ಮಾತೂ ಆಡಲಿಲ್ಲ. ನನ್ನ ಮಾತು ನಿಜವಲ್ಲದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲವೇ? ನೀನೇ ಹೇಳು. ಪಂತೆಲಿಸ್ ನನ್ನ ಪೆಟ್ಟಿಗೆಯನ್ನು ತಾನೇ ಬಾಗಿಲಾಚೆ ತಂದಿಟ್ಟ.

ಮೂರು ದಶಕ ಛಾವಣಿಗಳ ಮೇಲೆ ಕಳೆದವನು ನಾನು. ನೀರು ಕಾಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲವೇ? ತಪ್ಪು ನನ್ನದಲ್ಲ.

ಯಾಕುಮಿಸ್

•

ಲಾರ್ನಾಕಾ, 26 ಜನವರಿ 1978

ಯಾಕುಮಿಸ್,

ನಿನ್ನ ಕಾಗದದ ಹಿಂದೆಯೇ ಪಂತೆಲಿಸನದೂ ಬಂತು. ಇದ್ದದ್ದು ಒಂದೇ ಸಾಲು: "ಅಕ್ಕ, ಜಾಮೀನಿನ ಮಾತು ಮರೆತುಬಿಡು." ಲುಲ್ಲಾ ತನ್ನ ಬಟ್ಟೆಗಳನ್ನು ಬೇರೆ ಮಾಡಿಟ್ಟಿದ್ದಳು, ಆಸ್ಟ್ರೇಲಿಯಾಕ್ಕೆ ಯಾವುದು, ಇಲ್ಲಿ ಬಿಡುವುದು ಯಾವುದು ಎಂದು. ಅವಳು ಶಾಲೆಗೆ ಹೋದಾಗ ಎಲ್ಲವನ್ನೂ ಸೇರಿಸಿ ಮಡಿಸಿಟ್ಟೆ. ಆಸ್ಟ್ರೇಲಿಯಾಕ್ಕೆಂದು ಇಟ್ಟಿದ್ದ ಫ್ರಾಕನ್ನು ಮಾರನೆಯ ದಿನ ಅವಳೇ ತೆಗೆದು ತೊಟ್ಟುಕೊಂಡು ಶಾಲೆಗೆ ಹೋದಳು.

ನನಗೆ ಹೊರಗೆ ಮುಖ ತೋರಿಸಲು ನಾಚಿಕೆಯಾಗುತ್ತಿದೆ. ಜನ ನಿನ್ನ ಸಮಾಚಾರ ಕೇಳುತ್ತಾರೆ, ಕಾಗದ ಬಂದಿಲ್ಲ ಅನ್ನುತ್ತೇನೆ. ಅಂಚೆಯವನು ಅದೇ ಬೀದಿಯಲ್ಲಿ ನಿಂತಿರುತ್ತಾನೆ.

ಈಗ ಒಂದು ಕೇಳಬೇಕು. ಕೇಳಲೋ ಬೇಡವೋ ಎಂದು ದಿನಗಟ್ಟಲೆ ಒದ್ದಾಡಿದೆ. ನಿನ್ನ ಕೆಲಸದ ವಿಷಯದಲ್ಲಿ ನಾನು ಎಂದೂ ಬಾಯಿ ಹಾಕಿದವಳಲ್ಲ. ಹೀಟರ್ ಬೀದಿ ಕಡೆಗಿದೆ, ಅದೇ ದಕ್ಷಿಣ ಎಂದು ಬರೆದಿದ್ದೆ. ಹಾಗಾದರೆ ಹಿತ್ತಲು ಉತ್ತರವಾಯಿತು. ಮದುವೆಯಾದಾಗಿನಿಂದ ನಾನು ಉತ್ತರದ ಕಿಟಕಿಯಿರುವ ಅಡಿಗೆಮನೆಯಲ್ಲೇ ಬೇಯಿಸಿದ್ದು, ನಿನಗೆ ಗೊತ್ತು. ಅಲ್ಲಿ ಮಧ್ಯಾಹ್ನದ ಬಿಸಿಲನ್ನು ಒಂದು ದಿನವೂ ಕಾಣಲಿಲ್ಲ. ಮಿರೊಫೋರಾಳ ಪರದೆ ಹೇಗೆ ಬಣ್ಣಗೆಟ್ಟಿತು?

ನನಗೆ ಇದರ ಅರ್ಥ ತಿಳಿಯದು. ನಾನು ಹೇಳಿದ್ದೇ ತಪ್ಪಿರಬಹುದು. ಒಂದು ದಿನ ಮಧ್ಯಾಹ್ನ ಹೊರಗೆ ನಿಂತು ನೋಡು, ಅಷ್ಟೇ.

ತೆಕ್ಲಾ

•

ಮೆಲ್ಬರ್ನ್, 12 ಮಾರ್ಚ್ 1978

ತೆಕ್ಲಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತವನು ಎಷ್ಟೋ ಸಲ ಎದ್ದುಹೋದೆ.

ನಿನ್ನ ಕಾಗದ ಓದಿದಾಗ ಮೊದಲು ಸಿಟ್ಟೇ ಬಂತು. ಅಡಿಗೆಮನೆಯಲ್ಲಿ ನಿಂತು ಇವಳು ನನಗೆ ದಿಕ್ಕು ಕಲಿಸುತ್ತಾಳೆ ಅಂದುಕೊಂಡೆ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೂ ಇಗರ್ಜಿಯ ಅಂಗಳದಲ್ಲೇ ಉಳಿದೆ. ಅಂದು ಆಕಾಶ ಶುಭ್ರವಾಗಿತ್ತು. ನಡುಹಗಲಿಗೆ ದೇವಪೀಠದ ಕಡೆಗೆ, ಪೂರ್ವಕ್ಕೆ, ಮುಖಮಾಡಿ ನಿಂತೆ. ಬಲಗೈ ದಕ್ಷಿಣ. ಅದರಲ್ಲಿ ತಪ್ಪಿರಲಿಲ್ಲ. ಬಿಸಿಲು ಬಿದ್ದದ್ದು ಎಡಗೆನ್ನೆಯ ಮೇಲೆ.

ಇಗರ್ಜಿಯ ಬಾಗಿಲು ಹಾಕುವ ಮುದುಕನನ್ನು ಕರೆದು, ಇವತ್ತೇಕೆ ಸೂರ್ಯ ಆ ಕಡೆಗಿದ್ದಾನೆ ಎಂದು ಕೇಳಿದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಈ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಅಲ್ವಾ? ನಾವು ಭೂಮಿಯ ಕೆಳಗಡೆ ಇದ್ದೀವಿ ಮಾರಾಯ. ನಿನಗ್ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು ತೆಕ್ಲಾ? ಕೆಲಸವೇ ಸೂರ್ಯನ ಜೊತೆ. ನಮ್ಮಲ್ಲಿ ದಕ್ಷಿಣ ಎಂದರೆ ನನಗೆ ದಿಕ್ಕಾಗಿರಲಿಲ್ಲ, ಅಭ್ಯಾಸವಾಗಿತ್ತು. ಊರಿನ ಛಾವಣಿಗಳೆಲ್ಲ ಒಂದೇ ಕಡೆ ನೋಡುತ್ತಿದ್ದವು, ನಾನೂ ನೋಡುತ್ತಿದ್ದೆ. ಬೇಸಿಗೆಯ ಬೆಳಗು ಸಂಜೆ ಇಲ್ಲಿ ಸೂರ್ಯ ಸ್ವಲ್ಪ ದಕ್ಷಿಣದ ಕಡೆಗೆ ಸರಿಯುತ್ತಾನೆ, ಆ ಹೊಳಪನ್ನು ನೋಡಿ ನಾನು ಮೋಸಹೋದೆ. ನಡುಹಗಲೆಲ್ಲ ನನ್ನ ಹೀಟರ್ ಸೂರ್ಯನಿಗೆ ಬೆನ್ನು ತಿರುಗಿಸಿ ಕೂತಿತ್ತು. ನಾನು ಈ ದೇಶಕ್ಕೆ ಬಂದು ಒಂದು ಸಲವೂ ತಲೆ ಎತ್ತಿ ಆಕಾಶ ನೋಡಿರಲಿಲ್ಲ. ನೀನು ಬರೆದದ್ದು ಸರಿ, ನೆಲವನ್ನೇ ನೋಡುತ್ತಿದ್ದೆ.

ನೀರು ಕಾಯದಿದ್ದದ್ದು ನನ್ನಿಂದ. ಒಬ್ಬ ಹೆಂಗಸನ್ನು ಅವಳ ಮನೆಯಲ್ಲೇ, ಅವಳ ಕೈಯಡುಗೆ ಉಂಡವರ ಮುಂದೆ, ಕಳ್ಳಿ ಎಂದೆ. ರಾತ್ರಿ ಅದು ನೆನಪಾದರೆ ಹಾಸಿಗೆಯಲ್ಲಿ ಎದ್ದು ಕೂರುತ್ತೇನೆ. ಅವರ ಬೀದಿಗೆ ಹೋಗಬಾರದೆಂದು ಕೆಲಸಕ್ಕೆ ಬೇರೆ ಬಸ್ಸು ಹತ್ತುತ್ತೇನೆ. ಹೀಟರ್ ಇನ್ನೂ ಆ ಛಾವಣಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ, ಇದೆ.

ನಿನಗೆ ಹೇಳಿದ್ದೇನೆ. ಇನ್ನು ಯಾರಿಗೂ ಹೇಳಲು ನನ್ನಿಂದಾಗದು. ವಾಪಸು ಬಂದುಬಿಡುತ್ತೇನೆ. ಅಲ್ಲಿ ಏನಾದರೂ ಕೆಲಸ ಸಿಗದಿರದು.

ಯಾಕುಮಿಸ್

•

ಲಾರ್ನಾಕಾ, 2 ಏಪ್ರಿಲ್ 1978

ಯಾಕುಮಿಸ್,

ಬರಬೇಡ. ಬಂದರೆ ಆ ಮಾತು ಅಲ್ಲೇ ಉಳಿಯುತ್ತದೆ, ಅವಳ ತಲೆಯ ಮೇಲೆ.

ನನಗೆ ಹೇಳಿದ್ದು ಲೆಕ್ಕಕ್ಕಿಲ್ಲ. ನೀನು ಕಳ್ಳಿ ಎಂದದ್ದು ನನ್ನನ್ನಲ್ಲ. ಕಿವಿಯಲ್ಲಿ ಕ್ಷಮಿಸು ಅನ್ನುವುದೂ ಸಾಲದು. ಜನರ ಮುಂದೆ ಆಡಿದ್ದನ್ನು ಅದೇ ಜನರ ಮುಂದೆ ತಪ್ಪೆಂದು ಹೇಳು. ಈಸ್ಟರ್ ಹಬ್ಬಕ್ಕೆ ಪಂತೆಲಿಸ್ ಎಲ್ಲರನ್ನೂ ಕರೆದೇ ಕರೆಯುತ್ತಾನೆ. ಕರೆಯದಿದ್ದರೂ ಹೋಗು. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ನಮ್ಮವರು ಯಾರೂ ಆಚೆ ಕಳಿಸುವುದಿಲ್ಲ.

ನಾನೂ ಸಾಚಾ ಅಲ್ಲ. ನಿನ್ನ ಜನವರಿಯ ಕಾಗದ ಬಂದ ದಿನ, ಪರದೆಯ ವಿಷಯ ಹೊಳೆಯುವ ಮೊದಲು, ಪಕ್ಕದ ಮನೆಯವಳ ಹತ್ತಿರ ಮಿರೊಫೋರಾಳನ್ನು ಬಾಯಿಗೆ ಬಂದಂತೆ ಬೈದೆ. ನಿನ್ನೆ ಅವಳ ಹತ್ತಿರ ಹೋಗಿ ಅದು ಸುಳ್ಳು ಎಂದು ಹೇಳಿಬಂದೆ. ಅವಳ ಬಾಗಿಲ ತನಕ ಹೋಗಿ ಎರಡು ಸಲ ಹಿಂದೆ ಬಂದಿದ್ದೆ. ಆದರೆ ಹೇಳಲು ಸಾಧ್ಯವಿದೆ. ನಿನಗೂ ಸಾಧ್ಯ.

ಜಾಮೀನಿಗಾಗಿ ಹೋಗಬೇಡ. ಅದರ ಹೆಸರನ್ನೇ ಎತ್ತಬೇಡ.

ತೆಕ್ಲಾ

•

ಮೆಲ್ಬರ್ನ್, 4 ಮೇ 1978

ಪ್ರೀತಿಯ ತೆಕ್ಲಾ,

ಈ ಕಾಗದವನ್ನು ಯಾರಿಗೂ ಓದಿ ಹೇಳಬೇಡ. ಏಕೆಂದು ಮುಂದೆ ತಿಳಿಯುತ್ತದೆ.

ಹೋದೆ. ಹಿತ್ತಲಲ್ಲಿ ಕುರಿಮಾಂಸ ಸುಡುತ್ತಿದ್ದರು, ಹೊಸವರ್ಷಕ್ಕೆ ಬಂದವರೆಲ್ಲ ಇದ್ದರು. ಪಂತೆಲಿಸ್ ನನ್ನನ್ನು ನೋಡಿ ಕಬ್ಬಿಣದ ಸಲಾಕೆ ತಿರುಗಿಸುವುದನ್ನು ನಿಲ್ಲಿಸಿದ. ನಾನು ಕೂರಲಿಲ್ಲ. ಕೂತರೆ ಏಳುತ್ತಿರಲಿಲ್ಲ. "ಮಿರೊಫೋರಾ ಏನೂ ಕದ್ದಿಲ್ಲ. ಹೀಟರನ್ನ ನಾನೇ ಉಲ್ಟಾ ದಿಕ್ಕಿಗೆ ಇಟ್ಟಿದ್ದೆ. ಅವಳನ್ನ ಸುಳ್ಳಿ ಅಂದೆ, ಸುಳ್ಳ ನಾನು" ಎಂದೆ.

ಆಮೇಲೆ ನಕ್ಕರು ನೋಡು. ಒಬ್ಬ ನನ್ನ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಟ್ಟ, ಮೇಸ್ತ್ರಿಗಳಿಗೆ ದಾರಿ ಕಾಣಲಿ ಎಂದು. ನಗಲಿ, ಅದು ನನಗೆ ಸಲ್ಲಬೇಕಾದದ್ದೇ. ಆದರೆ ಪಂತೆಲಿಸ್ ನಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಅವರೆಲ್ಲರನ್ನೂ ಗದರಿದ: "ನಗಬೇಡ್ರೋ. ಉಲ್ಟಾ ಇಟ್ಟಿದ್ರೂ ಶನಿವಾರ ಶನಿವಾರ ಸುಡೋ ನೀರು ಕೊಡ್ತಿತ್ತು. ನಾನೇ ಸ್ನಾನ ಮಾಡಿದ್ದೀನಿ. ಉಲ್ಟಾ ಇಟ್ಟು ನೀರು ಕಾಯಿಸೋ ಮೇಸ್ತ್ರಿ ನಿಮ್ಮಲ್ಲಿ ಯಾರಿದ್ದೀರಿ?"

ಆ ಮಾತು ಕೇಳಿದಾಗಲೇ ಲೆಕ್ಕ ತಾಳೆಯಾಗದ್ದು ನನಗೆ ಹೊಳೆಯಿತು. ಸೂರ್ಯನಿಗೆ ಬೆನ್ನು ಮಾಡಿದ ಹೀಟರಿನಲ್ಲಿ ನೀರು ಬೆಚ್ಚಗಾಗಬಹುದು, ಸುಡಲಾರದು. ಮೋಡವೂ ಶನಿವಾರವೆಂದು ನೋಡಿಕೊಂಡು ರಜೆ ಹಾಕುವುದಿಲ್ಲ. ಇಷ್ಟು ತಿಂಗಳು ತಣ್ಣೀರು ಏಕೆ ಬಂತೆಂದೇ ಯೋಚಿಸಿದ್ದೆ, ಬಿಸಿನೀರು ಏಕೆ ಬಂತೆಂದು ಯೋಚಿಸಿರಲಿಲ್ಲ. ಮಿರೊಫೋರಾಳ ಕಡೆ ನೋಡಿದೆ. ಅವಳು ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆಗಳ ಬುಟ್ಟಿ ಎತ್ತಿಕೊಂಡು ಒಳಗೆ ಹೊರಟುಬಿಟ್ಟಳು.

ಹಿಂದೆಯೇ ಹೋದೆ. ಅಡಿಗೆಮನೆಯಲ್ಲಿ ಬಿಸಿಲು ಸುರಿಯುತ್ತಿತ್ತು. ಪಡಸಾಲೆಯ ಆ ಸ್ವಿಚ್ ಹಾಕುತ್ತಿದ್ದವಳು ನೀನೇ ಅಲ್ಲವೇ ಎಂದು ಕೇಳಿದೆ. ಮೊದಲು ಇಲ್ಲ ಎಂದಳು. ಆಮೇಲೆ, ದನಿ ತಗ್ಗಿಸಿ, ಹೊರಗಿನವರಿಗೆ ಕೇಳಿಸೀತೆಂದು ಬಾಗಿಲ ಕಡೆ ನೋಡುತ್ತಾ ಹೇಳಿದಳು:

"ಮೊದಲ್ನೇ ದಿನವೇ ನೀರು ತಣ್ಣಗಿತ್ತು ಅಣ್ಣ. ನಮ್ಮನೆಯೋರ ಬಾಯಿ ನಿಮಗೆ ಗೊತ್ತಲ್ಲ. ಊರು ಮನೆ ಎಲ್ಲ ಕಳ್ಕೊಂಡೋರು ನೀವು, ಇದೂ ಹೋಗೋದು ಬೇಡ ಅನ್ನಿಸ್ತು. ಅವರು ಸ್ನಾನಕ್ಕೆ ಹೋಗೋ ದಿನ ಸ್ವಿಚ್ ಹಾಕ್ತಿದ್ದೆ. ಹೊಸವರ್ಷದ ದಿನ ಅಡುಗೆ ಗಡಿಬಿಡೀಲಿ ಮರೆತೆ. ನನ್ನದೇ ತಪ್ಪು."

ನನ್ನದೇ ತಪ್ಪು ಎಂದಳು ತೆಕ್ಲಾ. ಆ ದಿನ ತಟ್ಟೆ ಹಿಡಿದು ನಿಂತವಳು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ಕಳ್ಳತನದ ಆರೋಪ ಅಲ್ಲೇ ಕಳಚಿಬೀಳುತ್ತಿತ್ತು. ಆದರೆ ಅಷ್ಟೂ ಜನರ ಮುಂದೆ ನನ್ನ ಹೀಟರ್ ಒಂದು ದಿನವೂ ಕೆಲಸ ಮಾಡಿಲ್ಲವೆಂದು ಗೊತ್ತಾಗುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ನನ್ನ ಮಾನ ಉಳಿಸಿದವಳನ್ನೇ ನಾನು ಕಳ್ಳಿ ಎಂದಿದ್ದು.

ಹೊರಗೆ ಹೋಗಿ ಇದನ್ನೂ ಹೇಳುತ್ತೇನೆ ಎಂದೆ. ಬೇಡವೆಂದು ಕೈ ಅಡ್ಡ ಹಿಡಿದಳು. ಅವಳ ಗಂಡನಿಗೆ ನನ್ನ ಮೇಲೆ ಇರುವ ಅಷ್ಟಿಷ್ಟು ಹೆಮ್ಮೆಯನ್ನು ಕೆಡಿಸಬಾರದಂತೆ. ಹಾಗಾಗಿ ಆ ಹೆಮ್ಮೆಯನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಇಷ್ಟು ಭಾರದ ಹೊಗಳಿಕೆಯನ್ನು ನಾನು ಕಂಡಿಲ್ಲ. ಮಾರನೆಯ ದಿನ ಪಂತೆಲಿಸನೂ ನಾನೂ ಸೇರಿ ಹೀಟರನ್ನು ಹಿತ್ತಲ ಕಡೆಯ ಛಾವಣಿಗೆ ಸಾಗಿಸಿದೆವು. ಈಗ ನೀರು ಕಾಯುತ್ತಿದೆ, ನಿಜವಾಗಿ.

ಜಾಮೀನಿನ ಹೆಸರೆತ್ತಲಿಲ್ಲ, ಆಣೆಗೂ ಎತ್ತಲಿಲ್ಲ. ನಿನ್ನೆ ಪಂತೆಲಿಸ್ ತಾನಾಗಿಯೇ ಆ ಕಾಗದ ತಂದುಕೊಟ್ಟ. ಇಬ್ಬರ ಸಹಿಯೂ ಇದೆ. ಮಿರೊಫೋರಾಳದು ಮೇಲೆ.

ನೀವು ಬರುವ ದಿನ ವಿಮಾನ ನಿಲ್ದಾಣಕ್ಕೆ ಅವಳೂ ಬರುತ್ತಾಳಂತೆ. ನಿನ್ನನ್ನು ನೋಡಿ ಒಂದು ವರ್ಷವಾಗುತ್ತ ಬಂತು, ಆದರೂ ಒಂದು ಮಾತು ಕೇಳು. ಮೊದಲು ನನ್ನ ಹತ್ತಿರ ಬರಬೇಡ. ಮೊದಲು ಅವಳನ್ನು ತಬ್ಬಿಕೋ. ನಾನು ಕಾಯುತ್ತೇನೆ.

ನಿನ್ನ
ಯಾಕುಮಿಸ್